ಅಂಚಿನ ಚೂರು

"ನಿನ್ನ ಮದುವೆ ಕೇಕು ನಾನೇ ಮಾಡ್ತೀನಿ ಪುಟ್ಟಿ. ಮೊದಲ ಮೊಟ್ಟೆ ಒಡೆಯೋದರಿಂದ ಹಿಡಿದು ಕೊನೇ ಹೂವು ಇಡೋವರೆಗೂ ಇನ್ನೊಬ್ಬರ ಕೈ ಅದಕ್ಕೆ ತಾಗಲ್ಲ. ನಿಮ್ಮಪ್ಪನ ಕೈಯಂತೂ ಹತ್ರಾನೂ ಸುಳಿಯಲ್ಲ."

ಮಗಳು ಹಿಟ್ಟಿನ ಮೂಟೆಯ ಮೇಲೆ ಕೂತು ಕಾಲಾಡಿಸುವ ವಯಸ್ಸಿನಲ್ಲಿದ್ದಾಗ ಅಮ್ಮ ಕೊಟ್ಟ ಮಾತದು. ಭಟ್ಟಿಯೊಳಗಿಂದ ತಟ್ಟೆ ಎಳೆಯುತ್ತಿದ್ದ ಅಪ್ಪ, "ಬೇಯಿಸೋದಕ್ಕಾದ್ರೂ ನಾನು ಬೇಡ್ವೇನೇ?" ಎಂದಿದ್ದ. "ಬೇಯಿಸೋದು ಬೆಂಕಿ. ನೀವು ಬಾಗಿಲು ತೆಗೆಯೋ ಆಳು," ಎಂದಿದ್ದಳು ಅವಳು.

ಬೇಕರಿಯಲ್ಲಿ ಬೆಂಕಿ ಅವನದು, ಕೆನೆ ಅವಳದು. ಬೀದಿಯವರ ಬಾಯಲ್ಲಿ ಅವನು ಭಟ್ಟಿಯಪ್ಪ, ಅವಳು ಕೆನೆಯಮ್ಮ. ಈಗ ಮದುವೆ ನಾಳೆಗೆ ಬಂದು ನಿಂತಿತ್ತು. ಮೂರಂತಸ್ತಿನ ಕೇಕು ಮೇಜಿನ ಮೇಲೆ ಬರಿಮೈಯಲ್ಲಿ ತಣಿಯುತ್ತಿತ್ತು. ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಇಳಿಸಿ ಕೆನೆಯಮ್ಮ ಉದ್ದನೆಯ ಚಾಕು ಹಿಡಿದು, ಕೇಕಿನ ಉಬ್ಬಿದ ತಲೆಯನ್ನು ಸಮ ಮಾಡುತ್ತಿದ್ದಳು. ಭಟ್ಟಿಯಪ್ಪ ತಟ್ಟೆ ಉಜ್ಜುತ್ತಾ ಓರೆಗಣ್ಣಲ್ಲಿ ಅವಳನ್ನೇ ನೋಡುತ್ತಿದ್ದ. ಒಂದು ವರ್ಷದಿಂದ ಅವನ ಕಣ್ಣಿಗೆ ಅದೇ ಕೆಲಸ.

ಅವಳು ಒಂದು ಕಾಲಕ್ಕೆ ಈ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬರುತ್ತಿದ್ದವಳು. ಮೊಣಕಾಲು ನಿಲ್ಲಗೊಡುತ್ತಿರಲಿಲ್ಲ, ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು. ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಆದ ಮೇಲೆ ಅರ್ಧಕ್ಕರ್ಧ ಇಳಿದಳು. "ಏನು ಭಟ್ಟಿಯಪ್ಪ, ಯಾರಿಗೂ ಹೇಳದೆ ಎರಡನೇ ಮದುವೆ ಆಗ್ಬಿಟ್ರಾ?" ಎಂದು ಹಾಲು ಹಾಕುವವನು ಛೇಡಿಸಿದ್ದ. ಆ ನಗು ಒಂದು ವರ್ಷ ಬಾಳಿತು. ಆಮೇಲೆ ಶುರುವಾಯಿತು ಇದು. ಸಿಹಿ ತಿಂದು ಒಂದೆರಡು ತಾಸಾಗುವಷ್ಟರಲ್ಲಿ ಮೈ ಬೆವರಿ, ಕೈ ನಡುಗಿ, ಮಾತು ತೊದಲಿ ಕುಸಿಯುವುದು.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಸಿಹಿ ಈಗ ಹೊಟ್ಟೆಯಲ್ಲಿ ನಿಲ್ಲದೆ ನೇರ ಕರುಳಿಗೆ ಜಾರುತ್ತೆ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುತ್ತೆ. ದೇಹ ಗಾಬರಿಬಿದ್ದು ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತೆ. ಆಗ ಸಕ್ಕರೆ ಪಾತಾಳಕ್ಕೆ. "ಬಿದ್ದಾಗ ಅಳತೆ ನೋಡಿ ಸ್ವಲ್ಪೇ ಗ್ಲೂಕೋಸ್ ಕೊಡಿ. ಸುಧಾರಿಸ್ಕೊಂಡ ಮೇಲೆ ಮೊಟ್ಟೆಯೋ ಕಡಲೆಬೀಜವೋ ಕೊಡಿ. ಕನಿಕರಪಟ್ಟು ಜಾಸ್ತಿ ಸುರಿದ್ರೆ, ಅದೇ ಮತ್ತೆ ಕೆಳಗೆ ತಳ್ಳುತ್ತೆ."

ಸಕ್ಕರೆಯ ಮೂಟೆಗಳ ನಡುವೆ ಬಾಳುವೆ ಮಾಡುವವರಿಗೆ ಹೇಳಿದ ಮಾತು. ಆದರೂ ಅವಳು ದಾರಿ ಹುಡುಕಿಕೊಂಡಿದ್ದಳು. ಕೆನೆ ರುಚಿ ನೋಡಿ ಬಟ್ಟಲಿಗೆ ಉಗಿಯುವಳು. ಹೊತ್ತುಹೊತ್ತಿಗೆ ಬೇಯಿಸಿದ ಮೊಟ್ಟೆ, ಹಿಡಿ ಕಡಲೆಬೀಜ. "ಹೋದ ಜನ್ಮದಲ್ಲಿ ಅಳಿಲಾಗಿದ್ದೆ ಅಂತ ಕಾಣುತ್ತೆ," ಎಂದು ತಾನೇ ನಗುವಳು.

ಭಟ್ಟಿಯಪ್ಪನ ಕೈ ತಟ್ಟೆಯ ಮೇಲೆ ನಿಂತಿತು.

"ಏನೇ ಅದು ಬಾಯಲ್ಲಿ?"

"ಏನೂ ಇಲ್ಲ."

"ದವಡೆ ಆಡ್ತಿದೆ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಅಂಗೈಗೆ ಉಗಿದು ನೋಡಿದರೆ ಕೇಕಿನ ಅಂಚು. ಕೇಕಿನ ತಲೆ ಕತ್ತರಿಸಿದವರ ಬಾಯಿಗೇ ಅಂಚಿನ ಚೂರು ಎಂಬುದು ಈ ಕಸುಬಿನ ಹಳೇ ರಿವಾಜು. ಕೈ ಕತ್ತರಿಸಿತ್ತು, ಕೈಯೇ ಬಾಯಿಗಿಟ್ಟಿತ್ತು. ತಾನು ಆಗಲೇ ಎಷ್ಟು ನುಂಗಿದ್ದೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮೂರು ಅಂತಸ್ತಿಗೂ ಅಂಚು ತೆಗೆದಾಗಿತ್ತು, ಚೂರು ತುಂಬಬೇಕಿದ್ದ ತಟ್ಟೆಯಲ್ಲಿ ಬರೀ ಪುಡಿ ಉಳಿದಿತ್ತು.

ಇಬ್ಬರೂ ಆ ತಟ್ಟೆಯನ್ನು ನೋಡಿದರು.

"ಅಯ್ಯೋ, ನನ್ನ ಹಾಳು ಕೈಯೇ," ಎಂದಳು.

ಅವನು ಓಡಿಹೋಗಿ ಮೊಟ್ಟೆ ಸುಲಿದು ತಂದ. ಅವಳು ತಿಂದಳು. ಮೊಟ್ಟೆ ಬರಲಿರುವ ಕುಸಿತವನ್ನು ತಡೆಯುವುದಿಲ್ಲ, ಏಟನ್ನು ಒಂಚೂರು ಮೆತ್ತಗೆ ಮಾಡಿದರೆ ಪುಣ್ಯ ಎಂದು ಇಬ್ಬರಿಗೂ ಗೊತ್ತಿತ್ತು. ಬೇಡದ ನೆಂಟರು ಬಸ್ಸು ಹತ್ತಿಯಾಗಿದೆ ಎಂದು ಸುದ್ದಿ ಬಂದ ಮನೆಯ ಹಾಗಾಯಿತು. ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ.

"ಬರೋದರೊಳಗೆ ಮುಗಿಸ್ತೀನಿ. ನೀವು ಅಡ್ಡ ಬರ್ಬೇಡಿ," ಎಂದು ಸೆರಗು ಸಿಕ್ಕಿಸಿದಳು.

ಆಮೇಲೆ ಅವಳ ಕೈ ಓಡಿದ ವೇಗವನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕೆನೆಯನ್ನು ಗಾರೆಯ ಹಾಗೆ ಬಳಿದು, ಒಂದೇ ಎಳೆತಕ್ಕೆ ಗಾಜಿನ ಹಾಗೆ ನುಣುಪು ಮಾಡಿದಳು. ಸಕ್ಕರೆ ಕಣಕವನ್ನು ಹೆಬ್ಬೆರಳಲ್ಲಿ ತೀಡಿ, ಬೆಳಕು ಹಾಯುವಷ್ಟು ತೆಳ್ಳಗೆ ಎಸಳು ಮಾಡಿ, ಒಂದರ ಮೇಲೊಂದು ಸುತ್ತಿ ಗುಲಾಬಿ. ಕೆಳಗಿನ ಅಂತಸ್ತು ತುಂಬಿತು. ನಡುವಿನದು ತುಂಬಿತು. ಅವನು ಉಸಿರು ಬಿಗಿಹಿಡಿದು ಗೋಡೆಗೊರಗಿ ನಿಂತಿದ್ದ. ಮುಗಿಸಿಯೇ ಬಿಡುತ್ತಾಳೆ ಎಂದು ಒಂದು ಗಳಿಗೆ ನಂಬಿಯೂ ಬಿಟ್ಟ.

ಅವಳ ಮೇಲ್ದುಟಿಯ ಮೇಲೆ ಬೆವರಿನ ಹನಿ ಮೂಡಿದ್ದು ಮೇಲಿನ ಅಂತಸ್ತಿಗೆ ಬಂದಾಗ. ಹೂವಿನ ಮೇಲೆಯೇ ಹೂವು ಇಟ್ಟಳು. ಕೆಳಗಿನದು ನಜ್ಜುಗುಜ್ಜಾಯಿತು.

"ಸಾಕು, ಕೂತ್ಕೋ."

"ನಂಗೇನಾಗಿದೆ? ನಿಮ್ಗೇ... ನಿಮ್ಗೇ ಭಟ್ಟಿ... ಬಾಗಿಲು..." ಮಾತು ದಾರಿ ತಪ್ಪಿತು. ಕಾಲು ಮಡಿಯುವ ಮೊದಲೇ ಅವನು ರಟ್ಟೆ ಹಿಡಿದು ಹಿಟ್ಟಿನ ಮೂಟೆಗೆ ಒರಗಿಸಿದ. ಬೆರಳಿಗೆ ಸೂಜಿ ಚುಚ್ಚಿ ಮೀಟರಿಗೆ ರಕ್ತ ತಾಗಿಸಿದ. ಅಂಕಿ ಕೆಳಗಿತ್ತು. ಅಳತೆಯ ಚಮಚದಲ್ಲಿ ಗ್ಲೂಕೋಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದ.

"ಇನ್ನೊಂದು ಚಮಚ."

"ಇಲ್ಲ ಕಣೆ. ಸ್ವಲ್ಪ ತಡಿ, ಏರುತ್ತೆ."

"ಕೊಡ್ರೀ... ಸಾಯ್ತೀನಿ... ಪಾಪಿ!" ಅವಳು ಅವನ ಅಂಗಿ ಹಿಡಿದು ಜಗ್ಗಿದಳು. ಕಣ್ಣಲ್ಲಿ ಅವನ ಗುರುತೇ ಇರಲಿಲ್ಲ. ಇಪ್ಪತ್ತೈದು ವರ್ಷ ಇದೇ ಕೋಣೆಯಲ್ಲಿ ಸಕ್ಕರೆ ಅಳೆದು ಸುರಿದವನು ಅವಳ ಕೈಗಳನ್ನು ತನ್ನ ಕೈಯಲ್ಲಿ ಕಟ್ಟಿಹಾಕಿ ಕೂತ.

ಅಷ್ಟರಲ್ಲಿ ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಮಗಳು ಒಳಗೆ ಬಂದಳು. ಕೂದಲಿಗೆ ಸುರುಳಿ ಹಾಕಿಸಿಕೊಂಡು, ಉಗುರಿನ ಬಣ್ಣ ಇನ್ನೂ ಒಣಗಿಲ್ಲವೆಂದು ಬೆರಳು ಅಗಲಿಸಿಕೊಂಡು ಬಂದಿದ್ದಳು. ಬೇರೆ ಊರಲ್ಲಿ ಕೆಲಸಕ್ಕಿದ್ದವಳು, ಅಮ್ಮ ಹೀಗೆ ಬೀಳುವುದನ್ನು ಕಣ್ಣಾರೆ ಕಂಡಿರಲಿಲ್ಲ. "ಅಮ್ಮಾ!" ಎಂದು ಕಿರುಚಿದಳು. "ನೋಡ್ತಾ ಕೂತಿದೀಯಲ್ಲಪ್ಪಾ! ಕೇಳ್ತಿದಾಳೆ, ಕೊಡು!"

"ಕೊಟ್ಟಿದೀನಿ. ಜಾಸ್ತಿ ಕೊಟ್ರೆ ಮತ್ತೆ ಬೀಳ್ತಾಳೆ. ನಿಂಗೆ ಗೊತ್ತಿಲ್ಲ ಪುಟ್ಟಿ."

"ನಿಂಗೆ ಕರುಳು ಅನ್ನೋದು ಇದ್ಯೇನಪ್ಪ?"

ಆ ಮಾತಿಗೆ ಅವನ ಹಿಡಿತ ಸಡಿಲವಾಯಿತು. ಮಗಳು ಕಪಾಟಿನ ಮೇಲಿದ್ದ ಸಕ್ಕರೆ ಪಾಕದ ಬಾಟಲಿಯನ್ನು ಬಗ್ಗಿಸಿ ಲೋಟ ತುಂಬಿಸಿದಳು. ಅಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು, ತೊಟ್ಟೂ ಬಿಡದೆ ಕುಡಿದಳು. ಕಸಿದುಕೊಳ್ಳಬೇಕೆಂದು ಎದ್ದವನು, ಅವಳ ಮುಖಕ್ಕೆ ಬಣ್ಣ ಬರುವುದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟ.

ತುಸು ಹೊತ್ತಿಗೆ ಅವಳು ನಕ್ಕಳು ಕೂಡ. "ಕೂದಲೇನೇ ಇದು, ಗುಬ್ಬಚ್ಚಿ ಗೂಡು?" ಎಂದು ಮಗಳ ಕೆನ್ನೆ ಹಿಂಡಿದಳು.

"ನೋಡಿದ್ಯಾ ಅಪ್ಪ? ಇಷ್ಟೇ ಬೇಕಾಗಿದ್ದಿದ್ದು," ಎಂದಳು ಮಗಳು.

ಅವನು ಒಳಗೆ ಹೋಗಿ ಇನ್ನಷ್ಟು ಮೊಟ್ಟೆ ಬೇಯಲಿಟ್ಟ. ಕೆನೆಯಮ್ಮ ಅವನ ಬೆನ್ನನ್ನೇ ನೋಡಿದಳು. ಮೊಟ್ಟೆಯ ಪಾತ್ರೆಯ ಸದ್ದು ಅವಳಿಗೆ ಅರ್ಥವಾಯಿತು. ಲೋಟದ ತಳಕ್ಕೆ ಅಂಟಿದ್ದ ಪಾಕವನ್ನು ನೋಡಿದಳು. ಮಗಳಿಗೆ ಮಾತ್ರ ಏನೂ ಹೇಳಲಿಲ್ಲ. ಎದ್ದು ಮತ್ತೆ ಮೇಜಿಗೆ ಬಂದಳು.

ಆದರೆ ಒಮ್ಮೆ ಬಿದ್ದೆದ್ದ ಕೈಗೆ ಹಳೆಯ ಓಟ ಬರಲಿಲ್ಲ. ಎಸಳುಗಳು ಹರಿದವು. ನಜ್ಜಾದ ಹೂವನ್ನು ಕಿತ್ತು ಕೆನೆ ಸರಿಮಾಡುವುದರಲ್ಲೇ ಹೊತ್ತು ಸರಿಯಿತು. ಮೇಲಿನ ಅಂತಸ್ತಿನ ಮುಂಭಾಗ ತುಂಬಿತು. ಹಿಂಭಾಗಕ್ಕೆಂದು ಎಸಳು ತೀಡಿಟ್ಟಿದ್ದಳು, ಸುತ್ತಬೇಕಿತ್ತು, ಅಷ್ಟೇ. ಹೆಬ್ಬೆರಳು ಮೊದಲು ನಡುಗಿತು. ಅವಳು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ರೀ," ಎಂದಳು ಮೆಲ್ಲಗೆ. "ಬಂತು."

ಈ ಸಲ ಮಗಳು ಕಿರುಚಲಿಲ್ಲ. ಅಪ್ಪ ಅಳತೆಯ ಚಮಚ ತುಂಬುವುದನ್ನು, ಅಮ್ಮ ಬೇಡುವುದನ್ನು, ಅಪ್ಪ ಇಲ್ಲವೆನ್ನುವುದನ್ನು ಗೋಡೆಗೆ ಒತ್ತಿ ನಿಂತು ನೋಡಿದಳು. ಉಗುರಿನ ಬಣ್ಣ ಅಂಗೈಗೆಲ್ಲ ಮೆತ್ತಿತ್ತು. "ನಾನೇ ಮಾಡಿದ್ದಾ ಅಪ್ಪ ಇದು?" ಎಂದಳು. "ಅಲ್ಲ ಪುಟ್ಟಿ," ಎಂದ ಅವನು, ಚಮಚದಿಂದ ಕಣ್ಣೆತ್ತದೆ.

ಸಕ್ಕರೆ ಏರಿತು, ಮಾತು ಮರಳಿತು. ಕೈ ಮರಳಲಿಲ್ಲ. ಮಗಳ ತೊಡೆಯ ಮೇಲೆ ತಲೆಯಿಟ್ಟು ಮೊಟ್ಟೆಯನ್ನು ಚೂರು ಚೂರೇ ಅಗಿಯುತ್ತಾ ಅವಳು ಮೇಜಿನ ಕಡೆ ನೋಡಿದಳು.

"ಎಸಳು ಒಣಗ್ತಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಒಡೆದೋಗುತ್ತೆ."

ಮೊಟ್ಟೆಯ ಕೊನೇ ಚೂರನ್ನು ನುಂಗಿದಳು.

"ಕೈ ತೊಳ್ಕೊಂಡು ಬನ್ನಿ," ಎಂದಳು ಅವನಿಗೆ.

ಭಟ್ಟಿಯಪ್ಪ ಮೊಣಕೈವರೆಗೂ ತೊಳೆದುಕೊಂಡ. ಬೆಂಕಿಯಲ್ಲಿ ಸುಟ್ಟು ಸುಟ್ಟು ತೊಗಲಾದ ಬೆರಳುಗಳಲ್ಲಿ ಎಸಳನ್ನು ಎತ್ತಿ, ಅವಳು ಹೇಳಿದ ಹಾಗೆ ಸುತ್ತಿದ. ಮೊದಲನೆಯದು ಕೋಸಿನಂತಾಯಿತು. "ಪರವಾಗಿಲ್ಲ, ಗೋಡೆ ಕಡೆಗಿರುತ್ತೆ," ಎಂದಳು. ಕೊನೆಯ ಹೂವಿನ ಎಸಳಿನ ಮೇಲೆ ಅವನ ಹೆಬ್ಬೆರಳಿನ ಗೆರೆಗಳು ದಪ್ಪಗೆ ಮೂಡಿದವು. ಒರೆಸಲು ಹೋದರೆ ಎಸಳು ಹರಿಯುತ್ತಿತ್ತು, ಹಾಗೆಯೇ ಬಿಟ್ಟ.

ಮಗಳ ಮದುವೆಯ ಕೇಕಿಗೆ ಕೊನೆಯ ಹೂವು ಇಟ್ಟವನು ಅವಳ ಅಪ್ಪ. ಅಮ್ಮ ಕೊಟ್ಟ ಮಾತು ಉಳಿಯಲಿಲ್ಲ.