ಏಳನೇ ಟ್ಯಾಂಕಿನ ಗಂಡು

ಕೊನೆಯ ಅಳತೆಗೆಂದು ಏಳನೇ ಟ್ಯಾಂಕಿನ ಮೀನನ್ನು ಲೆನ್ಸಿನ ಕೆಳಗೆ ಮಗ್ಗುಲಾಗಿ ಮಲಗಿಸಿದವಳು ಹಾಗೇ ನಿಂತುಬಿಟ್ಟಳು. ಹೊಟ್ಟೆಯಡಿಯ ರೆಕ್ಕೆ ಬೀಸಣಿಗೆಯ ಹಾಗೆ ಅಗಲವಾಗಿರಬೇಕಿತ್ತು. ಅದು ಕಡ್ಡಿಯಷ್ಟು ಸಣ್ಣಗಾಗಿ ಹಿಂದಕ್ಕೆ ಚಾಚಿತ್ತು. ಹೆಣ್ಣನ್ನು ಕೂಡುವುದಕ್ಕೆಂದೇ ಗಂಡಿಗೆ ಮಾತ್ರ ಹಾಗಾಗುವ ರೆಕ್ಕೆ ಅದು.

ಆ ಟ್ಯಾಂಕಿನಲ್ಲಿ ಇರಬೇಕಾದವು ಬರೀ ಹೆಣ್ಣುಗಳು, ಅದೂ ಗಂಡಿನ ಗಾಳಿ ಸೋಕದವು. ಲ್ಯಾಬಿನ ಅಟೆಂಡರ್ ಅದಕ್ಕೆ ಲೇಡೀಸ್ ಹಾಸ್ಟೆಲ್ ಎಂದೇ ಹೆಸರಿಟ್ಟಿದ್ದ. ಅಲ್ಲಿಂದ ಒಂದೊಂದು ಹೆಣ್ಣನ್ನು ತೆಗೆದು, ಬಾಲದ ಕೆಳತುದಿ ಕತ್ತಿಯಂತೆ ಬೆಳೆದ ಗಂಡಿನ ಜೊತೆ ಬಿಟ್ಟು, ಹುಟ್ಟಿದ ಗಂಡುಮರಿಗಳ ಕತ್ತಿ ಅಳೆಯುವುದು ಅವಳ ನಾಲ್ಕು ವರ್ಷದ ಕೆಲಸ. ಹೆಣ್ಣುಗಳು ಉದ್ದ ಕತ್ತಿಯವನನ್ನೇ ಮೆಚ್ಚುತ್ತ ಬಂದದ್ದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತೆಂದು ಅವಳ ಪಿಎಚ್.ಡಿ. ಪ್ರಬಂಧ ಹೇಳುತ್ತಿತ್ತು. ಅಪ್ಪನ ಕತ್ತಿಯಳತೆ ಮಗನಿಗೆ ಬರುತ್ತದೆ ಎಂಬುದೇ ಅದರ ಆಧಾರ. ಸಲ್ಲಿಸಲು ಉಳಿದದ್ದು ಹನ್ನೊಂದು ದಿನ.

ತಪ್ಪು ಅವಳದೇ. ಬೇರ್ಪಡಿಸುವಾಗ ಒಂದೊಂದನ್ನೂ ಲೆನ್ಸಿನಡಿ ಇಟ್ಟು ಹೊಟ್ಟೆ ನೋಡಬೇಕಿತ್ತು. ಬೇಗ ಮುಗಿಯಲಿ ಎಂದು ಗಾಜಿನಾಚೆಯಿಂದಲೇ ಬಾಲ ನೋಡಿ, ಕತ್ತಿ ಇಲ್ಲದ್ದೆಲ್ಲ ಹೆಣ್ಣು ಎಂದುಕೊಂಡಿದ್ದಳು. ಈ ಮಹಾಶಯನಿಗೆ ಕತ್ತಿ ಮೂಡಲೇ ಇಲ್ಲ. ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಳ್ಳುವ ಹೆಣ್ಣುಗಳು ಅವು. ಯಾವ ಮರಿಗೆ ಯಾರು ಅಪ್ಪನೋ ದೇವರೇ ಬಲ್ಲ.

"ಅಣ್ಣಾ, ಇಲ್ಲಿ ನೋಡಿ."

ಅಟೆಂಡರ್ ಬಗ್ಗಿಯೂ ನೋಡಲಿಲ್ಲ. "ಅವನಾ? ಹದಿನೈದು ದಿನದ ಹಿಂದೇನೇ ಕಂಡಿದ್ದ. ಹೆಣ್ಣುಗಳ ಹಿಂದೆ ಬಿದ್ದಿದ್ದ."

"ಹೇಳಬಾರದಿತ್ತಾ?"

"ಊಟ ನಿದ್ದೆ ಬಿಟ್ಟು ಬರೀತಾ ಇದ್ರಿ. ಬಾಯಿ ಬರಲಿಲ್ಲಮ್ಮ." ಅವನು ದನಿ ತಗ್ಗಿಸಿದ. "ಒಂದು ಮೀನು ತಾನೇ? ಸತ್ತುಹೋಯ್ತು ಅಂತ ಬರ್ಕೊಂಡುಬಿಡಿ. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ."

ಅವಳಿಗೆ ಆಸೆಯಾಯಿತು. ನಾಚಿಕೆಯಾಗುವಷ್ಟು ಆಸೆಯಾಯಿತು. ಮನೆಯಲ್ಲಿ ಅಮ್ಮ ಆಗಲೇ ಅಕ್ಕಪಕ್ಕದವರ ಮುಂದೆ ಅವಳನ್ನು ಡಾಕ್ಟರ್ ಮಾಡಿಬಿಟ್ಟಿದ್ದಳು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅದನ್ನು ನೀರಿನ ಜಾಡಿಗೆ ಬಿಟ್ಟು, ಗೈಡಿಗೆ ಫೋನ್ ಮಾಡಿದಳು.

"ಸರ್, ಏಳನೇ ಟ್ಯಾಂಕಲ್ಲಿ ಗಂಡಿದೆ. ನಾನು ಬಾಲ ಮಾತ್ರ ನೋಡಿದ್ದೆ."

"ಅಲ್ಲಿಂದ ತೆಗೆದ ತಾಯಂದಿರ ಮರಿಗಳು ಎಷ್ಟು?"

"ನಾನ್ನೂರ ಹದಿನಾರು. ಎಲ್ಲಾನೂ ಹೋದ ಹಾಗೇ, ಸರ್."

ಅವರು ಮೆಲ್ಲಗೆ ಕೇಳಿದರು: "ಇದು ಇನ್ನು ಯಾರಿಗೆ ಗೊತ್ತು?"

ಆ ಪ್ರಶ್ನೆಯನ್ನು ಅವರಿಂದ ಅವಳು ನಿರೀಕ್ಷಿಸಿರಲಿಲ್ಲ.

"ನನಗೆ, ಅಣ್ಣನಿಗೆ. ಈಗ ನಿಮಗೂ ಗೊತ್ತು, ಸರ್."

ಅವರು ಫೋನ್ ಇಟ್ಟರು.

ಅವಳು ಮರಿಗಳ ಟ್ಯಾಂಕುಗಳ ಸಾಲಿಗೆ ಹೋದಳು. ಪ್ರತಿ ಗಾಜಿನ ಮೇಲೂ ತಾಯಿಯ, ತಂದೆಯ ನಂಬರು ಬರೆದ ಚೀಟಿ. ಬೆರಳು ಒದ್ದೆ ಮಾಡಿಕೊಂಡು ಮೊದಲನೆಯದರಲ್ಲಿ ತಂದೆಯ ನಂಬರನ್ನು ಉಜ್ಜಿದಳು. ಶಾಯಿ ಹರಡಿತು.

"ಅಲ್ಲಿ ಏನಂತ ಬರೀಲಿ ಹಾಗಾದ್ರೆ?" ಹಿಂದೆಯೇ ಬಂದ ಅಟೆಂಡರ್ ಕೇಳಿದ.

"ಖಾಲಿ ಬಿಡಿ."

ಅವನೂ ಬೆರಳು ಒದ್ದೆ ಮಾಡಿಕೊಂಡು ಪಕ್ಕದ ಚೀಟಿಯನ್ನು ಉಜ್ಜತೊಡಗಿದ. ಬೆರಳು ಕಂಡ ಮರಿಗಳೆಲ್ಲ ತಿಂಡಿ ಬಂತೆಂದು ಗಾಜಿಗೆ ಮುತ್ತಿಕೊಂಡವು.