ಟೋಪಿ ಹಾಕುವವಳು

ಚುರುಟಿನ ಕಾರ್ಖಾನೆಯಲ್ಲಿ ತಂಗಿಗೆ ಸಿಕ್ಕಿದ್ದು ಟೋಪಿ ಹಾಕುವ ಕೆಲಸ. ಪಕ್ಕದ ಬೆಂಚಿನ ಬೋಳುತಲೆಯವನು ಇದನ್ನು ಬಿಟ್ಟಾನೆಯೇ? "ಬಂದಳಪ್ಪಾ, ಊರಿಗೆಲ್ಲ ಟೋಪಿ ಹಾಕೋಳು!" ಎಂದು ಮೊದಲ ದಿನವೇ ಕೂಗಿದ. ತಂಗಿಯೂ ಮಾತಿಗೆ ಸೋಲುವವಳಲ್ಲ. "ಮೊದಲು ನಿಮ್ಮ ತಲೆಗೇ ಹಾಕ್ತೀನಿ, ಅಲ್ಲೇ ಜಾಸ್ತಿ ಅಗತ್ಯ ಕಾಣ್ತಿದೆ," ಎಂದಳು. ಕೋಣೆಗೆ ಕೋಣೆಯೇ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ.

ಅಕ್ಕ ಅಲ್ಲಿನ ಹಳಬಳು. ಕಿಟಕಿ ಪಕ್ಕದ ಬೆಂಚು ಅವಳದು. ಬೆಳಕು ಚೆನ್ನಾಗಿ ಬೀಳುವ ಆ ಜಾಗ ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ, ಕೈಕೆಲಸ ನೋಡಿ ಕೊಡುವಂಥದ್ದು. "ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ, ಅವಳು ನನ್ನ ಜವಾಬ್ದಾರಿ," ಎಂದು ಮೇಸ್ತ್ರಿಗೆ ಮಾತು ಕೊಟ್ಟು ತಂಗಿಯನ್ನು ಸೇರಿಸಿದವಳೂ ಅವಳೇ. ಅಕ್ಕ ಚುರುಟು ಸುತ್ತುವುದು, ತಂಗಿ ಅದರ ತಲೆಗೆ ಬಿಲ್ಲೆಯಷ್ಟಗಲದ ಎಲೆಯ ಟೋಪಿ ಅಂಟಿಸುವುದು. ಇಬ್ಬರ ಕೆಲಸವೂ ಅಕ್ಕನ ಗುರುತು ಹೊತ್ತು ಒಂದೇ ಕಟ್ಟಿನಲ್ಲಿ ಹೋಗುತ್ತಿತ್ತು.

"ಟೋಪಿ ಯಾಕೆ ಹಾಕೋದು, ಗೊತ್ತೇನೇ?" ಎಂದು ಅಕ್ಕ ಕೇಳಿದ್ದಳು.

"ಚೆಂದ ಕಾಣ್ಲಿ ಅಂತ."

"ಚೆಂದ ಅಂತೆ ಚೆಂದ! ನೋಡಿಲ್ಲಿ. ಮೇಲಿನ ಎಲೆ ಬುಡದಿಂದ ಸುತ್ಕೊಂಡು ಬಂದು ತಲೇಲಿ ಮುಗಿಯುತ್ತೆ. ಆ ತುದಿ ಹಿಡ್ಕೊಳ್ಳೋಕೆ ಏನೂ ಇಲ್ಲ. ಸೇದೋರು ಬಾಯಿಗಿಡೋದು ಈ ಕಡೇನೇ. ಒದ್ದೆಯಾದ್ರೆ ಎಲೆ ಬಿಚ್ಕೊಂಡು ಬಾಯ್ತುಂಬ ಪುಡಿಯಾಗುತ್ತೆ. ಟೋಪಿ ಇದ್ರೆ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಸೇದೋ ಮುಂಚೆ ಅವರು ಟೋಪಿಯ ನೆತ್ತಿ ಮಾತ್ರ ಕತ್ತರಿಸ್ತಾರೆ, ಅಂಚು ಹಾಗೇ ಇದ್ದು ಎಲೆನ ಕಾಯುತ್ತೆ." ಆಮೇಲೆ ಗೋಂದಿನ ಬಟ್ಟಲನ್ನು ಇತ್ತ ಸರಿಸಿದಳು. "ಬೆರಳ ತುದೀಲಿ ಒಂಚೂರು ತಗೋ, ಸಾಕು. ಎಂಜಲು ಮಾತ್ರ ಸೋಕಿಸ್ಬೇಡ. ಯಾರೋ ನಂಬಿ ಬಾಯಿಗಿಡೋ ವಸ್ತು."

ಹೇಳಿದಷ್ಟು ಸುಲಭವಾಗಿರಲಿಲ್ಲ ಕೆಲಸ. ಚಳಿಗೆ ಗೋಂದು ಗಟ್ಟಿಯಾಗುತ್ತಿತ್ತು. ಬಿಸಿನೀರಲ್ಲಿಟ್ಟು ಸಡಿಲಿಸಿದರೆ ಎಲೆ ಚುರುಟು ಬಿಟ್ಟು ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಅಕ್ಕ ಸುತ್ತಿದ ಚುರುಟುಗಳು ಟೋಪಿಯಿಲ್ಲದೆ ರಾಶಿ ಬೀಳುತ್ತಿದ್ದವು. "ನಿನ್ನ ಟೋಪಿ ಬರೋದ್ರಲ್ಲಿ ನನಗೆ ಕೂದಲೇ ಬಂದುಬಿಡುತ್ತೆ," ಎಂದು ಬೋಳುತಲೆಯವನು ರೇಗಿಸುತ್ತಿದ್ದ.

ಒಂದು ಮಧ್ಯಾಹ್ನ ಬಟ್ಟಲು ಬರಿದಾಯಿತು. ಗೋಂದು ತರಲು ಕೋಣೆಯ ಆ ತುದಿಗೆ ಹೋಗಬೇಕು. ಅಕ್ಕ ತಲೆ ಬಗ್ಗಿಸಿ ಸುತ್ತುವುದರಲ್ಲಿ ಮುಳುಗಿದ್ದಳು. ತಂಗಿ ಆಚೀಚೆ ನೋಡಿ ಎಲೆಯ ಚೂರನ್ನು ನಾಲಿಗೆಗೆ ಸವರಿ ಅಂಟಿಸಿದಳು. ಚೆನ್ನಾಗಿಯೇ ಕೂತಿತು. ಇನ್ನೊಂದನ್ನೂ ಹಾಗೇ ಮಾಡಿದಳು. ವಾರ ಕಳೆಯುವುದರಲ್ಲಿ ಗೋಂದು ನೆಪಕ್ಕೆ ಮಾತ್ರ ಮುಂದಿರುತ್ತಿತ್ತು, ಕೈ ಮಾತ್ರ ಹಾರುತ್ತಿತ್ತು. ಮೇಸ್ತ್ರಿ ಭೇಷ್ ಎಂದ. ಹೊಗಳಲು ಜಿಪುಣತನ ಮಾಡುವ ಅಕ್ಕನೂ "ಪರವಾಗಿಲ್ವೇ!" ಎಂದಳು. ಆ ಒಂದು ಮಾತಿಗೆ ತಂಗಿ ಉಬ್ಬಿಹೋದಳು. ಮನೆಯಲ್ಲಿ ಮಾತ್ರ ಯಾಕೋ ಏನು ತಿಂದರೂ ಕಹಿ. "ನೀರು ಕೂಡ ಕಹಿ ಅಕ್ಕಾ," ಎಂದರೆ ಅಕ್ಕ ಪಾಪ, ಬಿಂದಿಗೆಯನ್ನು ಮತ್ತೆ ಮತ್ತೆ ತಿಕ್ಕಿ ತೊಳೆದಳು.

ಎಂಜಲು ಎಷ್ಟು ದಿನ ಹಿಡಿದೀತು? ಪೆಟ್ಟಿಗೆಗಳು ವಾಪಸು ಬಂದವು. ಮೇಸ್ತ್ರಿ ಒಂದನ್ನು ಅಕ್ಕನ ಬೆಂಚಿನ ಮೇಲೆ ಸುರಿದ. ಟೋಪಿಗಳು ಉದುರಿ, ಎಲೆಗಳು ಈರುಳ್ಳಿ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿದ್ದವು.

"ಏನಮ್ಮಾ ಇದು? ನಿಮ್ಮ ಗುರುತೇ ಅಲ್ವಾ?"

ಅಕ್ಕ ಒಂದು ಚುರುಟನ್ನೆತ್ತಿ ತಲೆಯನ್ನು ಹೆಬ್ಬೆರಳಿಂದ ಉಜ್ಜಿದಳು. ಗೋಂದಿನ ಹೊಳಪೇ ಇರಲಿಲ್ಲ. ಅವಳು ತಂಗಿಯ ಕಡೆ ತಿರುಗಿದಳು. ನೋಡಿದ್ದು ಕಣ್ಣನ್ನಲ್ಲ, ಬಾಯನ್ನು.

"ಗೋಂದು ನಾನೇ ಕಲಸಿದ್ದು. ನೀರು ಹೆಚ್ಚಾಯ್ತು. ತಪ್ಪು ನಂದೇ," ಎಂದು ಅಕ್ಕ ಮೇಸ್ತ್ರಿಗೆ ಹೇಳಿದಳು.

ತಂಗಿ ತಲೆ ತಗ್ಗಿಸಿ ಉದುರಿದ ಟೋಪಿಗಳನ್ನು ಆಯತೊಡಗಿದಳು. ಅಕ್ಕನನ್ನು ಹಿಂದಿನ ಮೂಲೆಗೆ, ಹೊಸಬರು ನೆಲದ ಮೇಲೆ ಕೂತು ಎಲೆಯ ನಾರು ಬಿಡಿಸುವಲ್ಲಿಗೆ ಕಳಿಸಿದರು. ಕಿಟಕಿಯ ಬೆಂಚು ಬೋಳುತಲೆಯವನಿಗೆ ಹೋಯಿತು. ಕೈ ಚುರುಕೆಂದು ತಂಗಿಯನ್ನು ಅಲ್ಲೇ ಉಳಿಸಿಕೊಂಡರು.

ಮನೆಯಲ್ಲಿ ಅಕ್ಕ ಬೈಯಲಿಲ್ಲ. ತಟ್ಟೆಗೆ ಬಡಿಸಿ, ಎದುರು ಕೂತು, ಒಂದೇ ಒಂದು ಮಾತು ಕೇಳಿದಳು.

"ಊಟ ಇನ್ನೂ ಕಹೀನಾ?"

ತಂಗಿಯ ಕೈ ತಟ್ಟೆಯಲ್ಲೇ ನಿಂತಿತು. ತಪ್ಪು ಮಾಡಿದ್ದಕ್ಕಿಂತ, ಗೊತ್ತಿದ್ದೂ ಅಕ್ಕ ಅದನ್ನು ಹೊತ್ತುಕೊಳ್ಳುವಾಗ ತಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳಲ್ಲ, ಅದು ಅವಳನ್ನು ಸುಟ್ಟಿತು.

ಮರುದಿನ ಬೆಳಿಗ್ಗೆ ಬೋಳುತಲೆಯವನು ಎಂದಿನಂತೆ, "ಇವತ್ತು ಯಾರಿಗಮ್ಮಾ ಟೋಪಿ?" ಎಂದ. ತಂಗಿ ನೇರ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ಗೋಂದು ಸರಿಯಾಗೇ ಇತ್ತು ಸಾರ್. ನಾನು ಎಂಜಲು ಹಚ್ಚಿ ಅಂಟಿಸ್ತಿದ್ದೆ."

ಮೇಸ್ತ್ರಿ ಅವಳನ್ನೇ ನೋಡಿ ನಕ್ಕ. "ಅಕ್ಕನ್ನ ಉಳಿಸ್ಕೊಳ್ಳೋಕೆ ಬಂದ್ಯಾ? ದೊಡ್ಡ ಮನಸ್ಸು ಕಣಮ್ಮ ನಿಂದು. ಆದ್ರೆ ನನಗೇ ಟೋಪಿ ಹಾಕೋಕೆ ಬರಬೇಡ."

"ತಂಗಿ ಅಂದ್ರೆ ಹೀಗಿರ್ಬೇಕು ನೋಡಿ," ಎಂದು ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಗಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಈಗ ತೆಪ್ಪಗಿದ್ದರೆ ಮುಗಿಯಿತು. ಕೆಲಸವೂ ಉಳಿಯುತ್ತದೆ, ಮೇಲೆ ಪುಣ್ಯವಂತೆ ಎಂಬ ಹೆಸರು ಬೇರೆ. ಒಂದು ಗಳಿಗೆ ಆಸೆಯೂ ಆಯಿತು, ಸುಳ್ಳೇಕೆ.

ಅವಳು ಬೆಂಚಿಗೆ ಹೋಗಿ ಕೂತಳು. ಚುರುಟೊಂದನ್ನು ಎತ್ತಿಕೊಂಡು ಎಲೆಯ ಚೂರನ್ನು ನಾಲಿಗೆಗೆ ಸವರಿ, ಸುತ್ತಿ, ಒತ್ತಿದಳು. ಇನ್ನೊಂದು ಮಾಡಿದಳು. ಮತ್ತೊಂದು. ಕಣ್ಣು ನೆಲದ ಮೇಲಿತ್ತು, ಕೈಯೂ ನಾಲಿಗೆಯೂ ತಮ್ಮಷ್ಟಕ್ಕೆ ಕೆಲಸ ಮಾಡಿದವು. ಅಷ್ಟು ಪಳಗಿದ ಕೈಯನ್ನು ಕಂಡ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ದಿನಾ ಸಂಜೆ ಅಕ್ಕನ ಕಟ್ಟಿನಿಂದಲೇ ಒಂದು ಚುರುಟು ಎಗರಿಸಿ ಸೇದುತ್ತಿದ್ದ ಬೋಳುತಲೆಯವನು "ಥೂ!" ಎಂದು ತುಟಿ ಒರೆಸಿಕೊಂಡ.

ಮೇಸ್ತ್ರಿ ಅಕ್ಕನನ್ನು ಮೂಲೆಯಿಂದ ಕರೆಸಿದ. "ನಿಮ್ಮ ಬೆಂಚು ನಿಮಗೇ. ಇವಳು ನಿಮ್ಮ ಜವಾಬ್ದಾರಿ ಅಂದಿದ್ರಲ್ಲ, ನೀವೇ ಹೇಳಿ. ಇರಲೋ, ಹೋಗಲೋ?"

ಅಕ್ಕ ಸೀರೆಗೆ ಹತ್ತಿದ್ದ ನಾರು ಕೊಡವಿಕೊಂಡು ಬಂದಳು. ತಂಗಿ ಅಂಟಿಸಿದ ಟೋಪಿಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ತಂಗಿ ತಲೆಯೆತ್ತಲಿಲ್ಲ.

"ಹೋಗು," ಎಂದಳು ಅಕ್ಕ.

ತಂಗಿ ಎದ್ದು ನಿಂತಳು. ಕಣ್ಣು ಮಂಜಾಗಿ ಬಾಗಿಲು ಎಲ್ಲಿದೆ ಎಂದು ಕಾಣಲಿಲ್ಲ.

"ಆ ಕಡೆ ಅಲ್ಲ ಕಣೇ, ನಲ್ಲಿ ಈ ಕಡೆ ಇದೆ," ಎಂದು ಅಕ್ಕ ಗೋಂದಿನ ಬಟ್ಟಲನ್ನು ಬೆಂಚಿನ ನಡುವೆ ಇಟ್ಟಳು. "ಬಾಯಿ ತೊಳ್ಕೊಂಡು ಬಾ."