ಮೊದಲ ಕೈಯ ಫೋನು

ಸಕಲ ಗಿರಾಕಿಗಳಿಗೂ, ಬಂಧುಬಳಗಕ್ಕೂ, ಗುಂಡಿ-ಕಾಜಾಗಾಗಿ ಕಾದು ನೇತಾಡುತ್ತಿರುವ ಸಮಸ್ತ ಅಂಗಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಟೈಲರ್ ಮಾಮ ಇಂದು ಸಂಜೆ ಹೊಚ್ಚಹೊಸ ಫೋನಿನ ಪ್ಲಾಸ್ಟಿಕ್ ಪೊರೆಯನ್ನು ಸ್ವಹಸ್ತದಿಂದ ಸುಲಿಯಲಿದ್ದಾರೆ.

ಹೊಲಿಗೆ ಮಿಷನ್ನು ನಿಲ್ಲಿಸಿ ಮಾಮ ಹೀಗೆ ಘೋಷಿಸಿದಾಗ ಅಂಗಡಿಯಲ್ಲಿದ್ದವರು ಹೆಂಡತಿ ಮತ್ತು ಮಗಳು. ಇಬ್ಬರೂ ತಲೆ ಎತ್ತಲಿಲ್ಲ. ಫೋನು ನೋಡುತ್ತಿದ್ದರು.

ನಗಬೇಡಿ. ಮಾಮನ ಕೈಗೆ ಇದುವರೆಗೆ ಬಂದ ಫೋನುಗಳೆಲ್ಲ ಬೇರೆಯವರ ಕೈಯಲ್ಲಿ ಸವೆದು ಬಂದವು. ಮೊದಲನೆಯದು ಭಾವಮೈದುನ ದಯಪಾಲಿಸಿದ ಇಟ್ಟಿಗೆ. "ಚೆನ್ನಾಗಿದೆ ಭಾವ, ಐದರ ಬಟನ್ ಒಂದು ಒತ್ತೋಕಾಗಲ್ಲ, ಅಷ್ಟೇ." ಅಂದಿನಿಂದ ನಂಬರಿನಲ್ಲಿ ಐದು ಇದ್ದ ಗಿರಾಕಿಗಳಿಗೆ ಪ್ಯಾಂಟು ರೆಡಿಯಾದ ಸುದ್ದಿಯೇ ಮುಟ್ಟಲಿಲ್ಲ. ಎರಡನೆಯದು ಹೆಂಡತಿಯದು. ಅದರಲ್ಲಿ ಮಾಮನ ನಂಬರು 'ಎತ್ತೋದಿಲ್ಲ' ಎಂಬ ಹೆಸರಿನಲ್ಲಿತ್ತು. ಮೂರನೆಯದು, ಈಗಿನದು, ಮಗಳ ಟಚ್ ಫೋನು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಮಾಮನ ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ. ಸಾಲದ್ದಕ್ಕೆ, ಮಗಳನ್ನು ಎಬ್ಬಿಸಲು ಹೆಂಡತಿಯ ದನಿಯಲ್ಲೇ ಹಾಕಿದ್ದ ಅಲಾರಂ ಇನ್ನೂ ಅದರೊಳಗಿದೆ. ಹೆಡ್ಮಾಸ್ತರು ಅಳತೆ ಕೊಡಲು ಎರಡೂ ಕೈ ಎತ್ತಿ ನಿಂತಿದ್ದಾಗ ಅದು ಅರಚಿತು: "ಏಳು ಸೋಮಾರಿ, ಎಷ್ಟು ಬಿದ್ಕೊಳ್ತೀಯ!" ಮಾಸ್ತರು ಸೊಂಟದ ಅಳತೆ ಕೊಡದೆಯೇ ಹೊರಟುಹೋದರು.

ಮನೆಯವರಿಗೆಲ್ಲ ಅಪ್‌ಗ್ರೇಡ್, ಮಾಮನಿಗೆ ಅಪ್ಪಗ್ರೇಡ್. ಅಂದರೆ, ಇನ್ನು ಅಪ್ಪನಿಗಷ್ಟೇ ಸಾಕು ಎಂಬ ದರ್ಜೆಗೆ ಇಳಿದದ್ದು ದರ್ಜಿಯ ಪಾಲು.

"ಇನ್ನು ಸ್ವಲ್ಪ ದಿನಕ್ಕೆ ನಂದು ಚೇಂಜ್ ಮಾಡ್ತೀನಪ್ಪ. ಇದನ್ನ ನೀನಿಟ್ಕೋ," ಎಂದಳು ಮಗಳು.

"ಬೇಡಮ್ಮ ತಾಯಿ! ಊರಿಗೆಲ್ಲ ಹೊಸದು ಹೊಲಿದುಕೊಡೋನು ನಾನು. ನಂಗೂ ಒಂದ್ಸಲ ಮಡಿಕೆ ಮುರೀದೇ ಇರೋದು ಬೇಡ್ವಾ?"

"ಪೊರೆ ಸುಲಿಯೋಕೆ ಫೋನ್ ಯಾಕ್ರೀ? ಈರುಳ್ಳಿ ಇದೆ, ಬನ್ನಿ," ಎಂದಳು ಹೆಂಡತಿ.

ಮಾಮ ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆ ಕತ್ತರಿಸುವ ಮೇಜನ್ನು ಒರೆಸಿ, ದೊಡ್ಡ ಕತ್ತರಿಯನ್ನು ಮಸೆದಿಟ್ಟ. ಅದರಿಂದ ಡಬ್ಬಿಯ ಸೀಲು ಕತ್ತರಿಸುವುದು, ಆಮೇಲೆ ಪೊರೆಯ ಮೂಲೆ ಹಿಡಿದು ನಿಧಾನವಾಗಿ, ಎಳೆಎಳೆಯಾಗಿ...

ಸಂಜೆ ಮಾಮ ಹೋದಾಗ ಮೊಬೈಲ್ ಅಂಗಡಿಯ ಹುಡುಗಿ ನಕ್ಕಳು. "ಹಳೇದು ಕೊಟ್ರೆ ರೇಟ್ ಇಳಿಯುತ್ತೆ ಅಂಕಲ್."

ಸೋಮಾರಿ ಫೋನಿನ ಪೀಡೆಯೂ ತೊಲಗಿತಲ್ಲ ಎಂದು ಮಾಮ ಸಂಭ್ರಮದಿಂದ ಕೊಟ್ಟುಬಿಟ್ಟ. ಅವಳು ಕಂಪ್ಯೂಟರ್ ಕುಟ್ಟಿದಳು.

"ಇದು ನಿಮ್ಮ ಮಗಳ ಹೆಸರಲ್ಲಿದೆ. ಎಕ್ಸ್‌ಚೇಂಜ್ ಅಂದ್ರೆ ಹೊಸ ಬಿಲ್ಲೂ ಅವ್ರ ಹೆಸರಿಗೇ ಆಗ್ಬೇಕು. ಕರೀರಿ ಅವ್ರನ್ನ."

ಬಿಲ್ಲು ತಾನೇ, ಹಾಳಾಗಲಿ ಎಂದು ಮಾಮ ಹಲ್ಲು ಕಚ್ಚಿದ. ಮಗಳು ಕಿವಿ-ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಗೆಳತಿಯೊಂದಿಗೆ ಹರಟುತ್ತಲೇ ಬಂದಳು. ಬಿಲ್ಲಾಯಿತು. ಮಾಮ ಡಬ್ಬಿಗೆ ಕೈ ಚಾಚಿದ. ಅಂಗಡಿಯವಳು ಅದನ್ನು ಮಗಳ ಕಡೆ ಸರಿಸಿದಳು.

"ಬಿಲ್ಲಲ್ಲಿ ಹೆಸರಿರೋರೇ ಇಲ್ಲಿ ಕ್ಯಾಮೆರಾ ಮುಂದೆ ಓಪನ್ ಮಾಡ್ಬೇಕು ಅಂಕಲ್. ರೂಲ್ಸು."

"ಹಾಗಾದ್ರೆ ಎಕ್ಸ್‌ಚೇಂಜೇ ಬೇಡ! ನನ್ನ ಸೋಮಾರೀನ ವಾಪಸ್ ಕೊಡಮ್ಮ!"

"ಬಿಲ್ ಆಗೋಯ್ತಲ್ಲ."

"ಪುಟ್ಟೀ, ಪೊರೆ ಒಂದು ಮಾತ್ರ ಬಿಡೇ, ಅದನ್ನ ನಾನು..."

"ಇಲ್ಲ ಕಣೇ, ಏನೋ ಅಪ್ಪಂದು ಕೆಲಸ," ಎಂದು ಗೆಳತಿಗೆ ಹೇಳುತ್ತಲೇ ಮಗಳು ಉಗುರಿನಿಂದ ಸೀಲು ಸೀಳಿದಳು, ಸರಕ್ಕನೆ ಪೊರೆ ಎಳೆದಳು, ಉಂಡೆ ಮಾಡಿ ಬುಟ್ಟಿಗೆ ಎಸೆದಳು. ಆಮೇಲೆ ಫೋನನ್ನು ಮಾಮನ ಅಂಗೈಯಲ್ಲಿಟ್ಟಳು.

"ತಗೋ ಅಪ್ಪ. ಇನ್ಮೇಲೆ ಇದು ನಿಂದೇ."

ಮಗಳ ಹಳೇ ಫೋನು ಇಷ್ಟು ಬೇಗ ಮಾಮನ ಕೈಗೆ ಎಂದೂ ಬಂದಿರಲಿಲ್ಲ.